ಬಿಸಿಲು ಜಾಸ್ತಿ ಆಯ್ತಾ, ಮಣ್ಣಿನಲ್ಲಿ ಏನಾದರೂ ಕಡಿಮೆ ಆಯ್ತಾ?

ಪ್ರಶ್ನೆ: ನಮ್ಮದು ಬ್ಯಾಡಗಿ ತಾಲ್ಲೂಕು, ಎರಡು ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲ. ಒಂದೂವರೆ ಎಕರೆ ಮೆಣಸಿನಕಾಯಿ, ಉಳಿದದ್ದು ಶೇಂಗಾ. ದಕ್ಷಿಣದ ಬದುವಿನಲ್ಲಿ ಎರಡು ದೊಡ್ಡ ಮಾವಿನ ಮರ ಇವೆ. ಆಗಸ್ಟ್ ತನಕ ಮೆಣಸಿನ ಗಿಡ ಚೆನ್ನಾಗೇ ಇತ್ತು. ಸೆಪ್ಟೆಂಬರ್‌ನಲ್ಲಿ ಮೋಡ ಸರಿದು ಬಿಸಿಲು ಬಿತ್ತು ನೋಡಿ, ಹತ್ತು ಹನ್ನೆರಡು ದಿನಕ್ಕೆ ಕೆಳಗಿನ ಎಲೆಗಳು ಹಳದಿ ಆದವು. ನರ ಮಾತ್ರ ಹಸಿರು. ಮಾವಿನ ನೆರಳಿನ ಗಿಡಗಳು ಹಳದಿ ಆಗಿಲ್ಲ, ಆದರೆ ಬರೇ ಉದ್ದ ಬೆಳೆದಿವೆ, ಹೂವಿಲ್ಲ. ಶೇಂಗಾ ಬೀಜಕ್ಕೆಲ್ಲ ಒಂದೇ ಪಾಕೀಟಿನ ರೈಜೋಬಿಯಂ ಜೈವಿಕ ಗೊಬ್ಬರ ಹಚ್ಚಿದ್ದೆ. ಕಳೆ ತೆಗೆಯುವಾಗ ಕಿತ್ತು ನೋಡಿದರೆ ಬಯಲಿನ ಗಿಡದ ಬೇರಿಗೆ ಗಂಟು ತುಂಬಿದ್ದವು, ನೆರಳಿನದಕ್ಕೆ ನಾಲ್ಕೋ ಐದೋ. ಪಕ್ಕದ ಹೊಲದವರು ಬಿಸಿಲು ಜಾಸ್ತಿ ಆಯ್ತು, ಶೇಡ್‌ನೆಟ್ ಹಾಕಿ ಅಂತಾರೆ. ಗೊಬ್ಬರದ ಅಂಗಡಿಯಲ್ಲಿ ಒಂದು ಸೂಕ್ಷ್ಮಾಣು ದ್ರಾವಣ ಕೊಟ್ಟು, ಇದು ಹಾಕಿದರೆ ಗಿಡ ಬಿಸಿಲು ತಡೆಯುತ್ತೆ ಅಂದರು. ಮಣ್ಣಿನ ಸೂಕ್ಷ್ಮಜೀವಿಗಳಿಂದ ಗಿಡ ಬೆಳಕನ್ನು ಜಾಸ್ತಿ ಬಳಸಿಕೊಳ್ಳುತ್ತೆ ಅಂತ ಮಗ ಮೊಬೈಲ್‌ನಲ್ಲಿ ಓದಿದ್ದಾನೆ. ಬಣ್ಣ ಬರಲಿ ಅಂತ ಈ ಸಲ ಪೊಟ್ಯಾಶ್ ಎರಡು ಬಾರಿ ಹಾಕಿದ್ದೇನೆ, ಡಿಎಪಿಯೂ ಹೋದ ವರ್ಷಕ್ಕಿಂತ ಜಾಸ್ತಿ. ಯಾರ ಮಾತು ಕೇಳಲಿ? ನಾಲ್ಕು ಫೋಟೊ ಕಳಿಸಿದ್ದೇನೆ.

ಉತ್ತರ: ಅಕ್ಕಾರೇ, ಮೊದಲು ನಿಮ್ಮ ಮೂರನೇ ಫೋಟೊ ಬಗ್ಗೆ ಹೇಳುತ್ತೇನೆ. ಅದರಲ್ಲಿ ಒಂದು ಹಳದಿ ಎಲೆ ಇದೆ, ಅದರ ಮೇಲೆ ಇನ್ನೊಂದು ಎಲೆ ಬಾಗಿದೆ. ನೀವು ಮೇಲಿನ ಎಲೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಹಿಡಿದಿದ್ದೀರಿ. ಅದು ಮುಚ್ಚಿದ್ದ ಜಾಗ, ಕೆಳಗಿನ ಎಲೆಯಲ್ಲಿ, ಇನ್ನೂ ಹಸಿರಾಗಿದೆ. ಮೇಲಿನ ಎಲೆಯ ಅಂಚು ಎಲ್ಲಿತ್ತೋ ಅಲ್ಲಿಗೇ ಗೆರೆ ಎಳೆದ ಹಾಗೆ ಹಸಿರು ನಿಂತು, ಆಚೆ ಹಳದಿ ಶುರುವಾಗಿದೆ. ಮಣ್ಣು ಪರೀಕ್ಷೆ ಕೆಲಸದಲ್ಲಿ ಇಷ್ಟು ವರ್ಷ ಕಳೆದಿದ್ದೇನೆ, ಇಂಥ ಫೋಟೊ ಬಂದರೆ ಈಗಲೂ ಖುಷಿಯಾಗುತ್ತದೆ. ಉತ್ತರದ ಅರ್ಧ ಭಾಗ ಅದರಲ್ಲೇ ಇರುತ್ತದೆ.

ಅದನ್ನು ನೋಡಿದ ಯಾರಿಗೂ ಮೊದಲು ಅನಿಸುವುದು ಒಂದೇ: ಬಿಸಿಲು ಬಿದ್ದ ಕಡೆ ಹಳದಿ, ನೆರಳಿದ್ದ ಕಡೆ ಹಸಿರು, ಅಂದರೆ ಬಿಸಿಲಿನದೇ ತಪ್ಪು. ನಿಮ್ಮ ಪಕ್ಕದ ಹೊಲದವರು ಹೇಳಿದ್ದು ಇದನ್ನೇ. ಅವರು ಕಂಡದ್ದು ಸುಳ್ಳಲ್ಲ. ಆದರೆ ಅದೇ ಬಿಸಿಲು ಅವರ ಹೊಲಕ್ಕೂ ಬಿದ್ದಿದೆ, ಊರಿನ ಎಲ್ಲ ಮೆಣಸಿನ ಗಿಡಕ್ಕೂ ಬಿದ್ದಿದೆ. ಎಲ್ಲರ ಗಿಡ ಹಳದಿ ಆಗಿಲ್ಲ ಅಲ್ವಾ?

ಒಲೆ ಮುಂದೆ ಕೂತು ರೊಟ್ಟಿ ಬೇಯಿಸುವುದನ್ನು ನೆನಪಿಸಿಕೊಳ್ಳಿ. ಉರಿ ಜೋರಾಗಿದ್ದರೆ ಒಳ್ಳೆಯದೇ, ಕೆಲಸ ಬೇಗ ಆಗುತ್ತದೆ. ಆದರೆ ತಟ್ಟುವ ಕೈ, ತಿರುವುವ ಕೈ, ಬೆಂದದ್ದನ್ನು ತೆಗೆದು ಬುಟ್ಟಿಗೆ ಹಾಕುವ ಕೈ ಅದೇ ವೇಗದಲ್ಲಿ ನಡೆಯಬೇಕು. ಕೈ ನಿಧಾನವಾದರೆ ಅದೇ ಉರಿ ರೊಟ್ಟಿ ಸುಡುತ್ತದೆ. ಎಲೆಯಲ್ಲಿ ಬಿಸಿಲು ಉರಿ ಇದ್ದ ಹಾಗೆ. ಕೈಗಳು ಬರುವುದು ಮಣ್ಣಿನಿಂದ.

ಇದು ಬರೀ ಹೋಲಿಕೆಗೆ ಹೇಳಿದ್ದಲ್ಲ. ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತಿನ ಒಂದೊಂದು ಅಣುವಿನ ನಡುವೆ ಒಂದು ಮೆಗ್ನೀಷಿಯಂ, ಅದರ ಸುತ್ತ ನಾಲ್ಕು ಸಾರಜನಕ ಇರುತ್ತವೆ. ಗಾಳಿಯಿಂದ ಇಂಗಾಲ ಹಿಡಿದು ಸಕ್ಕರೆ ಮಾಡುವ ಪ್ರೋಟೀನು ಬೇರೆ. ಮೆಣಸಿನಂಥ ಗಿಡದಲ್ಲಿ ಎಲೆಯ ಸಾರಜನಕದ ಸುಮಾರು ಕಾಲು ಭಾಗ ಅದೊಂದಕ್ಕೇ ಹೋಗುತ್ತದೆ. ಮಾಡಿದ ಸಕ್ಕರೆ ಎಲೆಯಲ್ಲೇ ಕೂತರೆ ಪ್ರಯೋಜನವಿಲ್ಲ. ಅದು ಕಾಯಿಗೆ, ಬೇರಿಗೆ ಸಾಗಬೇಕು. ಅದನ್ನು ಎಲೆಯಿಂದ ಹೊರಗೆ ಸಾಗಿಸಲು ಮುಖ್ಯವಾಗಿ ಬೇಕಾದದ್ದು ಮೆಗ್ನೀಷಿಯಂ ಮತ್ತು ಪೊಟ್ಯಾಶ್. ಮೆಗ್ನೀಷಿಯಂ ಕಡಿಮೆಯಾದರೆ ಬೆಂದ ರೊಟ್ಟಿ ಹಂಚಿನ ಮೇಲೆಯೇ ಉಳಿದ ಹಾಗೆ ಸಕ್ಕರೆ ಎಲೆಯಲ್ಲಿ ಕಟ್ಟಿಕೊಳ್ಳುತ್ತದೆ. ಹೊಸದನ್ನು ಮಾಡುವ ಕೆಲಸ ನಿಲ್ಲುತ್ತದೆ. ಬೆಳಕು ಮಾತ್ರ ಬೀಳುತ್ತಲೇ ಇರುತ್ತದೆ, ಬೇಡ ಅನ್ನಲು ಎಲೆಗೆ ಬಾಯಿಲ್ಲ. ಬಳಕೆಯಾಗದ ಆ ಶಕ್ತಿ ಆಮ್ಲಜನಕದ ಜೊತೆ ಸೇರಿ ಎಲೆಯ ಹಸಿರನ್ನೇ ಹಾಳು ಮಾಡುತ್ತದೆ. ಅದಕ್ಕೇ ಬಿಸಿಲಿಗೆ ಒಡ್ಡಿದ ಕಡೆ ಹಳದಿ, ಮುಚ್ಚಿದ ಕಡೆ ಹಸಿರು.

1989ರಲ್ಲಿ ಮಾರ್ಷ್‌ನರ್ ಮತ್ತು ಚಾಕ್ಮಾಕ್ ಎಂಬ ವಿಜ್ಞಾನಿಗಳು ಹುರುಳಿಕಾಯಿ ಗಿಡದಲ್ಲಿ ಇದನ್ನೇ ತೋರಿಸಿದರು. ಮೆಗ್ನೀಷಿಯಂ, ಪೊಟ್ಯಾಶ್ ಅಥವಾ ಸತು ಕಡಿಮೆ ಇರುವ ಗಿಡಗಳಲ್ಲಿ ಜೋರು ಬೆಳಕಿಗೆ ಎಲೆ ಹಳದಿಯಾಗಿ ಒಣಗುವುದು ಹೆಚ್ಚುತ್ತದೆ. ಎಲೆಯ ಒಂದು ಭಾಗಕ್ಕೆ ನೆರಳು ಮಾಡಿದರೆ ಆ ಭಾಗ ಹಸಿರಾಗಿ ಉಳಿಯುತ್ತದೆ. ನಿಮ್ಮ ಫೋಟೊದಲ್ಲಿರುವುದು ಅದೇ ಪ್ರಯೋಗ, ಹೊಲದಲ್ಲಿ ತಾನಾಗಿ ಆದದ್ದು.

ಹಾಗಾದರೆ ಆಗಸ್ಟ್ ತನಕ ಯಾಕೆ ಕಾಣಲಿಲ್ಲ? ಆಗ ಉರಿಯೇ ಸಣ್ಣಗಿತ್ತು. ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಎಷ್ಟೋ ದಿನ ಮೋಡ ಕವಿದೇ ಇರುತ್ತದೆ. ಆ ಬೆಳಕಿನಲ್ಲಿ ಬೆಳೆದ ಎಲೆ ತೆಳ್ಳಗೆ, ಸಿಕ್ಕಷ್ಟು ಬೆಳಕನ್ನೆಲ್ಲ ಹಿಡಿಯುವ ಹಾಗೆ ತಯಾರಾಗುತ್ತದೆ. ಮೆಗ್ನೀಷಿಯಂ ಕಡಿಮೆ ಇದ್ದರೂ ಕೆಲಸ ಸಾಗುತ್ತದೆ. ಮೋಡ ಸರಿದ ದಿನ ಅದೇ ಎಲೆಗೆ ಒಮ್ಮೆಲೇ ಪೂರ್ತಿ ಬಿಸಿಲು. ಚೆನ್ನಾಗಿ ಉಂಡ ಗಿಡವೂ ಮಧ್ಯಾಹ್ನದ ಬಿಸಿಲನ್ನು ಒಂದು ಎಲೆಯಲ್ಲಿ ಪೂರ್ತಿ ಬಳಸುವುದಿಲ್ಲ. ಅದರ ಅರ್ಧದಷ್ಟಕ್ಕೇ ಮೆಣಸಿನ ಎಲೆಗೆ ಸಾಕಾಗುತ್ತದೆ. (ಜೋಳ, ಗೋವಿನಜೋಳದ ಮಾತು ಬೇರೆ, ಅವು ಪೂರ್ತಿ ಬಿಸಿಲನ್ನೂ ದುಡಿಸಿಕೊಳ್ಳುತ್ತವೆ.) ಉಪವಾಸವಿರುವ ಎಲೆಗೆ ಅಷ್ಟೂ ಆಗುವುದಿಲ್ಲ. ಕೊರತೆ ಜುಲೈಯಲ್ಲೇ ಇತ್ತು. ಬಿಸಿಲು ಬಂದು ಅದನ್ನು ಹೊರಗೆ ಹಾಕಿತು, ಅಷ್ಟೇ.

ಕೊರತೆ ಎಲ್ಲಿಂದ ಬಂತು ಅಂತ ನೀವೇ ಬರೆದಿದ್ದೀರಿ: ಪೊಟ್ಯಾಶ್ ಎರಡು ಸಲ. ಬಣ್ಣಕ್ಕಾಗಿ ಪೊಟ್ಯಾಶ್ ಹಾಕುವುದು ಬ್ಯಾಡಗಿ ಕಡೆ ರೂಢಿ. ಬಣ್ಣವೇ ಈ ಕಾಯಿಯ ಹೆಸರು ಕಾಯ್ದದ್ದು, ಆ ಆಸೆ ತಪ್ಪಲ್ಲ. ಆದರೆ ಮಸಾರಿ ಮಣ್ಣು ಎರೆ (ಕಪ್ಪು) ಮಣ್ಣಿನ ಹಾಗೆ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಮಳೆಗೆ ಮೆಗ್ನೀಷಿಯಂ ಕೆಳಗೆ ಇಳಿದು ಹೋಗುತ್ತದೆ. ಅದರ ಮೇಲೆ ಪೊಟ್ಯಾಶ್ ಜಾಸ್ತಿ ಸುರಿದರೆ ಬೇರಿನ ಬಾಗಿಲಲ್ಲಿ ಪೊಟ್ಯಾಶ್ ನುಗ್ಗುತ್ತದೆ, ಮೆಗ್ನೀಷಿಯಂ ಹೊರಗೇ ನಿಲ್ಲುತ್ತದೆ. ಕೆಳಗಿನ ಹಳೆ ಎಲೆ ಮೊದಲು, ನರ ಹಸಿರು ನಡುವೆ ಹಳದಿ ಅನ್ನುವ ನಿಮ್ಮ ವರ್ಣನೆ ಮೆಗ್ನೀಷಿಯಂಗೆ ಸರಿಯಾಗಿ ಹೊಂದುತ್ತದೆ. ಇದ್ದ ಅಲ್ಪಸ್ವಲ್ಪವನ್ನು ಗಿಡ ಹಳೆ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ. ಗದಗ, ನವಲಗುಂದದ ಸುಣ್ಣ ಜಾಸ್ತಿ ಇರುವ ಎರೆ ಹೊಲದಿಂದ ಈ ಪತ್ರ ಬಂದಿದ್ದರೆ ನಾನು ಮೊದಲು ಕೇಳುತ್ತಿದ್ದದ್ದು ಚಿಗುರಿನ ಬಗ್ಗೆ. ಅಲ್ಲಿ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ, ಆಗ ಹಳದಿ ಆಗುವುದು ಹೊಸ ಎಲೆ.

ಡಿಎಪಿ ವಿಷಯಕ್ಕೆ ಆಮೇಲೆ ಬರುತ್ತೇನೆ. ಈಗ ಸೂಕ್ಷ್ಮಜೀವಿಗಳ ಮಾತು.

ನಿಮ್ಮ ಮಗ ಓದಿದ್ದು ಪೂರ್ತಿ ಸುಳ್ಳಲ್ಲ. ಮೈಕೊರೈಜಾ ಅನ್ನುವ ಶಿಲೀಂಧ್ರ ಬೇರಿನೊಳಗೆ ಸೇರಿಕೊಂಡು, ಕೂದಲಿಗಿಂತ ತೆಳುವಾದ ಎಳೆಗಳನ್ನು ಮಣ್ಣಿಗೆ ಬಿಡುತ್ತದೆ. ಬೇರು ಮುಟ್ಟದ ಕಡೆಯಿಂದ ರಂಜಕ, ಸತು ತಂದುಕೊಡುತ್ತದೆ. ರೈಜೋಬಿಯಂ ಶೇಂಗಾ, ಹೆಸರು, ಸೋಯಾದ ಬೇರುಗಂಟಿನಲ್ಲಿ ಕೂತು ಗಾಳಿಯ ಸಾರಜನಕ ಹಿಡಿದುಕೊಡುತ್ತದೆ. ಇವೆಲ್ಲ ಸಿಕ್ಕಿದ ಗಿಡದ ಎಲೆ ಅದೇ ಬಿಸಿಲಿನಲ್ಲಿ ಜಾಸ್ತಿ ದುಡಿಯುತ್ತದೆ. ಇನ್ನೊಂದು ಲಾಭವೂ ಇದೆ. ಈ ಜೀವಿಗಳು ಗಿಡದಿಂದ ಸಕ್ಕರೆ ಎಳೆಯುತ್ತವೆ, ಹಾಗಾಗಿ ಎಲೆಯಲ್ಲಿ ಅದು ಕಟ್ಟಿಕೊಳ್ಳುವುದು ಕಡಿಮೆಯಾಗುತ್ತದೆ. ಆ ಅರ್ಥದಲ್ಲಿ ಸೂಕ್ಷ್ಮಜೀವಿ ಗಿಡದ ಬೆಳಕಿನ ಬಳಕೆಗೆ ನೆರವಾಗುತ್ತದೆ ಅನ್ನುವುದು ಸರಿ.

ತಪ್ಪು ಇರುವುದು ಅಂಗಡಿಯ ಮಾತಿನಲ್ಲಿ. ಬಾಟಲಿಯಲ್ಲಿರುವ ಯಾವ ಜೀವಿಯೂ ಇಲ್ಲದ ಮೆಗ್ನೀಷಿಯಂ ಅನ್ನು ಹುಟ್ಟಿಸುವುದಿಲ್ಲ. ಮಣ್ಣಿನಲ್ಲಿರುವುದನ್ನು ಬೇರಿಗೆ ಮುಟ್ಟಿಸಬಲ್ಲದು, ಅಷ್ಟೇ. ಸಾರಜನಕ ಮಾತ್ರ ಬೇರೆ, ಅದು ಗಾಳಿಯಿಂದ ಬರುತ್ತದೆ.

ಅವು ಪುಕ್ಕಟೆ ಕೆಲಸ ಮಾಡುವುದೂ ಇಲ್ಲ. ಗಿಡ ತಾನು ಮಾಡಿದ ಸಕ್ಕರೆಯಲ್ಲಿ ಶೇ 4ರಿಂದ 20ರಷ್ಟನ್ನು ಮೈಕೊರೈಜಾಕ್ಕೆ ಕೊಡುತ್ತದೆ ಅನ್ನುವುದು ಒಪ್ಪಿತ ಲೆಕ್ಕ. ಹೊಲಕ್ಕೆ ಬಂದ ಆಳಿಗೆ ಬುತ್ತಿ ಕಟ್ಟಿದ ಹಾಗೆ. ಬಿಸಿಲು ಚೆನ್ನಾಗಿದ್ದರೆ ಆ ಬುತ್ತಿ ಭಾರವಲ್ಲ. ನೆರಳಿನಲ್ಲಿರುವ ಗಿಡಕ್ಕೆ ತನಗೇ ಸಾಲದು. ಅದು ಮೊದಲು ಕಡಿತ ಮಾಡುವುದು ಬೇರಿನ ಪಾಲನ್ನು. ತೀರಾ ಕಡಿಮೆ ಬೆಳಕಿನಲ್ಲಿ ಮೈಕೊರೈಜಾ ಗಿಡಕ್ಕೆ ಲಾಭಕ್ಕಿಂತ ಹೊರೆಯೇ ಆಗುವುದುಂಟು. ಹಾಗಾಗಿ ಮಾವಿನ ನೆರಳಿನ ಗಿಡಗಳಿಗೆ ಆ ದ್ರಾವಣ ಸುರಿದರೆ ಏನೂ ಆಗುವುದಿಲ್ಲ. ಆಳುಗಳನ್ನು ಕರೆದು ಊಟ ಇಲ್ಲ ಅಂದ ಹಾಗೆ.

ನಿಮ್ಮ ಶೇಂಗಾ ಬೇರಿನ ಕತೆಯೂ ಇದೇ. ಒಂದೇ ಪಾಕೀಟು, ಒಂದೇ ಮಣ್ಣು, ಗಂಟು ಮಾತ್ರ ಬೇರೆ ಬೇರೆ. 2021ರಲ್ಲಿ ಸೋಯಾ ಗಿಡದಲ್ಲಿ ಒಂದು ಒಳ್ಳೆಯ ಸಂಗತಿ ಗೊತ್ತಾಯಿತು. ಎಲೆಗೆ ಬೆಳಕು, ಅದರಲ್ಲೂ ನೀಲಿ ಬೆಳಕು, ಬಿದ್ದಾಗ ಕೆಲವು ಪ್ರೋಟೀನುಗಳು ಎಲೆಯಿಂದ ಬೇರಿಗೆ ಇಳಿದು ಹೋಗುತ್ತವೆ. ಅವು ತಲುಪದಿದ್ದರೆ ರೈಜೋಬಿಯಂ ಪಕ್ಕದಲ್ಲೇ ಇದ್ದರೂ ಬೇರು ಗಂಟು ಕಟ್ಟುವುದಿಲ್ಲ. ಮಣ್ಣೊಳಗಿನ ಬೇರಿಗೆ ಮೇಲೆ ಬಿಸಿಲಿದೆಯೋ ಇಲ್ಲವೋ ಅನ್ನುವ ಸುದ್ದಿ ಹೀಗೆ ಮುಟ್ಟುತ್ತದೆ. ಇದನ್ನು ಮೊದಲು ಓದಿದಾಗ, ನಮ್ಮ ಹಿರಿಯರು ಮರದ ಅಡಿ ಕಾಳು ಬಿತ್ತುತ್ತಿರಲಿಲ್ಲವಲ್ಲ, ಅದು ನೆನಪಾಯಿತು.

ಮರದ ನೆರಳಿಗೆ ಇನ್ನೊಂದು ಗುಣ ಇದೆ. ಗೋಡೆಯ ನೆರಳಿನಲ್ಲಿ ಮುಖ್ಯವಾಗಿ ಬೆಳಕು ಕಡಿಮೆ. ಎಲೆಯ ನೆರಳಿನಲ್ಲಿ ಬೆಳಕಿನ ಬಣ್ಣವೇ ಬದಲು. ಮಾವಿನ ಎಲೆ ಕೆಂಪು ಬೆಳಕನ್ನು ತಾನು ನುಂಗಿ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಆಚೆಯ ಕಡುಗೆಂಪನ್ನು ಕೆಳಗೆ ಬಿಡುತ್ತದೆ. ಮೆಣಸಿನ ಗಿಡ ಇದನ್ನು ಗುರುತಿಸುತ್ತದೆ: ಮೇಲೆ ಯಾರೋ ಇದ್ದಾರೆ, ಅವರನ್ನು ದಾಟಿ ಮೇಲೆ ಹೋಗಬೇಕು. ಇದ್ದಬದ್ದದ್ದನ್ನೆಲ್ಲ ಕಾಂಡಕ್ಕೆ ಹಾಕುತ್ತದೆ. ಕವಲು, ಹೂವು, ಬೇರು ಎಲ್ಲ ಹಿಂದೆ ಬೀಳುತ್ತವೆ. ನೆರಳಿನ ಗಿಡ ಹಸಿರಾಗಿದೆ ಅಂದರೆ ಅದಕ್ಕೆ ಮೆಗ್ನೀಷಿಯಂ ಸಾಕಷ್ಟಿದೆ ಅಂತಲ್ಲ. ಉರಿ ಸಣ್ಣಗಿರುವುದರಿಂದ ಸುಟ್ಟಿಲ್ಲ. ಅಲ್ಲಿಗೆ ಯೂರಿಯಾ ಹಾಕಬೇಡಿ, ಇನ್ನೂ ಉದ್ದವಾಗಿ ಬಿದ್ದುಹೋಗುತ್ತವೆ. ಮಾವಿನ ಬೇರು ನೀರು, ಗೊಬ್ಬರ ಕುಡಿಯುವುದೂ ಲೆಕ್ಕಕ್ಕಿದೆ.

ಇನ್ನು ಮಾಡುವುದೇನು?

ಗುಂಪಾಗಿ ಎಲ್ಲವನ್ನೂ ಮಾಡಬೇಡಿ. ಹಾಗೆ ಮಾಡಿದರೆ ಯಾವುದರಿಂದ ಗುಣವಾಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ವರ್ಷ ಮತ್ತೆ ಎಲ್ಲದಕ್ಕೂ ದುಡ್ಡು ಹಾಕಬೇಕಾಗುತ್ತದೆ. ಮೊದಲು ಎಲೆ ತಿರುವಿ ನೋಡಿ. ಎಲೆ ಮೇಲಕ್ಕೆ ದೋಣಿಯಂತೆ ಮುದುಡಿದ್ದರೆ ಥ್ರಿಪ್ಸ್ ಕೀಟ, ಕೆಳಕ್ಕೆ ಮುದುಡಿದ್ದರೆ ಮೈಟ್ ನುಸಿ, ಅದಕ್ಕೆ ಬೇರೆ ಉಪಾಯ ಬೇಕು. ನಿಮ್ಮ ಫೋಟೊದಲ್ಲಿ ಎಲೆ ಸಪಾಟಾಗಿದೆ. ಆಮೇಲೆ ಹಳದಿ ಈಗಷ್ಟೇ ಶುರುವಾಗುತ್ತಿರುವ ಐದಾರು ಎಲೆ ಆರಿಸಿ, ಅರ್ಧ ಎಲೆಗೆ ದಪ್ಪ ಕಾಗದ ಮಡಚಿ ಕ್ಲಿಪ್ ಹಾಕಿ. ಹತ್ತು ದಿನ ಬಿಟ್ಟು ತೆಗೆಯಿರಿ. ಮುಚ್ಚಿದ ಅರ್ಧ ಹಸಿರು, ತೆರೆದ ಅರ್ಧ ಹಳದಿ ಅಂದರೆ ಕೊರತೆಯ ಅನುಮಾನ ಗಟ್ಟಿಯಾಯಿತು.

ಅದೇ ದಿನ ಎರಡು ಸಾಲಿಗೆ ಮಾತ್ರ ಮೆಗ್ನೀಷಿಯಂ ಸಲ್ಫೇಟ್ ಸಿಂಪಡಿಸಿ, ಲೀಟರ್ ನೀರಿಗೆ 5ರಿಂದ 10 ಗ್ರಾಂ, ಸಂಜೆ ಹೊತ್ತು. ಮಧ್ಯಾಹ್ನ ಸಿಂಪಡಿಸಿದರೆ ಎಲೆ ಸುಡುವ ಭಯ ಇದೆ. ಪಕ್ಕದ ಎರಡು ಸಾಲು ಹಾಗೇ ಬಿಡಿ, ಗೂಟ ನೆಟ್ಟು ಗುರುತು ಮಾಡಿ. ಪೂರ್ತಿ ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ನಿರಾಶರಾಗಬೇಡಿ. ಹಳದಿ ಮೇಲಿನ ಎಲೆಗಳಿಗೆ ಹತ್ತುವುದು ನಿಂತಿತಾ ಅಂತ ನೋಡಿ. ಎರಡು ವಾರದಲ್ಲಿ ವ್ಯತ್ಯಾಸ ಕಂಡರೆ ಉಳಿದ ಹೊಲಕ್ಕೂ ಸಿಂಪಡಿಸಿ. ಕಾಣದಿದ್ದರೆ ಸತುವಿನ ಅನುಮಾನ ಇಟ್ಟುಕೊಂಡು ಮಣ್ಣು ಪರೀಕ್ಷೆಗೆ ಕಾಯಿರಿ. ಪೊಟ್ಯಾಶ್ ಈ ಬೆಳೆಗೆ ಇನ್ನು ಬೇಡ. ಹಾಕಿದ್ದೇ ಜಾಸ್ತಿ ಇದೆ, ಬಣ್ಣಕ್ಕೆ ಅದು ಸಾಕು. ಎಲೆ ಉದುರಿದ ಗಿಡದಲ್ಲಿ ಕಾಯಿಗೆ ಬಣ್ಣ ಎಲ್ಲಿಂದ ಬರಬೇಕು?

ಮಣ್ಣು ಪರೀಕ್ಷೆಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ನಿಮಗೆ ಅದು ದೂರವಿಲ್ಲ. ಬಯಲಿನ ಮಣ್ಣು ಬೇರೆ, ಮಾವಿನ ಅಡಿಯದು ಬೇರೆ ಚೀಲ. ಒಂದೊಂದಕ್ಕೂ ಎಂಟು ಹತ್ತು ಕಡೆ ಆರು ಇಂಚು ಆಳದ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಡಿ. ಸಾರಜನಕ, ರಂಜಕ, ಪೊಟ್ಯಾಶ್ ಇಷ್ಟೇ ಸಾಲದು. ಮೆಗ್ನೀಷಿಯಂ, ಸತು ಕೂಡ ನೋಡಿ ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಎಷ್ಟೋ ಸಲ ಅವು ವರದಿಯಲ್ಲಿ ಬರುವುದಿಲ್ಲ.

ಡಿಎಪಿ ಬಗ್ಗೆ. ಅದರಲ್ಲಿ ಹೆಚ್ಚಿರುವುದು ರಂಜಕ. ರಂಜಕ ಬೇರಿನ ಬುಡದಲ್ಲೇ ಧಾರಾಳವಾಗಿ ಸಿಕ್ಕರೆ ಗಿಡಕ್ಕೆ ಮೈಕೊರೈಜಾದ ಹಂಗಿಲ್ಲ, ಅದನ್ನು ಬೇರಿನೊಳಗೆ ಬಿಟ್ಟುಕೊಳ್ಳುವುದೇ ಕಡಿಮೆ ಮಾಡುತ್ತದೆ. ಆ ಶಿಲೀಂಧ್ರ ರಂಜಕದ ಜೊತೆ ಸತುವನ್ನೂ ತರುತ್ತಿತ್ತು, ಅದೂ ನಿಲ್ಲುತ್ತದೆ. ಜಾಸ್ತಿ ರಂಜಕ ತಾನೇ ಸತುವಿಗೆ ಅಡ್ಡಿ. ಒಂದು ಕೈಯಲ್ಲಿ ಡಿಎಪಿ ಚೀಲ, ಇನ್ನೊಂದು ಕೈಯಲ್ಲಿ ಸೂಕ್ಷ್ಮಾಣು ಬಾಟಲಿ ಹಿಡಿದು ಬರುವ ರೈತರನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ದುಡ್ಡು ಹೋಗುವುದು ನೋಡಿದರೆ ಸಂಕಟವಾಗುತ್ತದೆ. ಸತು ಕಡಿಮೆ ಅಂತ ವರದಿ ಬಂದರೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಡಿಎಪಿ ಜೊತೆ ಬೆರೆಸಬೇಡಿ.

ಸೂಕ್ಷ್ಮಾಣು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸರಿಯಾದ ಹೊತ್ತು ಬೇರೆ ಇದೆ. ಮೆಣಸಿಗೆ ಮೈಕೊರೈಜಾ ಕೊಡಬೇಕಾದದ್ದು ಸಸಿಮಡಿಯಲ್ಲಿ, ಬೇರು ಎಳೆಯದಿದ್ದಾಗ. ಕಾಯಿ ಕಟ್ಟುವ ಗಿಡದ ಬುಡಕ್ಕೆ ಸುರಿದರೆ ಉಪಯೋಗ ತೀರಾ ಕಡಿಮೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಜೈವಿಕ ಗೊಬ್ಬರ ಕೇಳಿ ತಗೊಳ್ಳಿ, ಪಾಕೀಟಿನ ಮೇಲಿನ ತಾರೀಖು ನೋಡಿ. ಮನೆಯಲ್ಲಿ ತಗಡಿನ ಕೆಳಗೆ, ಕಿಟಕಿ ಬಿಸಿಲಿಗೆ ಇಡಬೇಡಿ. ಗಿಡಕ್ಕೆ ಬೇಕಾದ ಅದೇ ಬಿಸಿಲಿಗೆ ಈ ಜೀವಿಗಳು ಸಾಯುತ್ತವೆ. ಹಚ್ಚಿದ ಬೀಜವನ್ನೂ ನೆರಳಿನಲ್ಲೇ ಆರಿಸಿ, ಬೇಗ ಬಿತ್ತಿ. ಕೊಟ್ಟಿಗೆ ಗೊಬ್ಬರ ಕೊಟ್ಟ ಮಣ್ಣಿನಲ್ಲಿ ಅವು ಬಾಳುತ್ತವೆ, ಬರಿ ಮಣ್ಣಿನಲ್ಲಿ ಬಾಳುವುದು ಕಷ್ಟ. ತಿಪ್ಪೆ ಗೊಬ್ಬರದಲ್ಲಿ ಮೆಗ್ನೀಷಿಯಂ, ಸತು ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ನಿಮ್ಮ ಹೊಲಕ್ಕೆ ನಾನು ಒಂದೇ ಒಂದು ಖರ್ಚು ಹೇಳಬೇಕಾದರೆ ಅದನ್ನೇ ಹೇಳುತ್ತೇನೆ.

ಶೇಡ್‌ನೆಟ್ ಬಗ್ಗೆ ನನ್ನ ಅಭಿಪ್ರಾಯ ನೇರ: ಒಂದೂವರೆ ಎಕರೆಗೆ ಬೇಡ. ಸಸಿಮಡಿಗೆ, ಬೇಸಿಗೆಯ ತರಕಾರಿಗೆ ಅದು ಒಳ್ಳೆಯದು. ಈಗ ಹಾಕಿದರೆ ಹಳದಿ ಕಡಿಮೆಯಾದಂತೆ ಕಾಣುತ್ತದೆ, ನೀವೂ ಸಮಾಧಾನ ಮಾಡಿಕೊಳ್ಳುತ್ತೀರಿ. ಒಳಗೆ ಮೆಗ್ನೀಷಿಯಂ ಕೊರತೆ ಹಾಗೇ ಇರುತ್ತದೆ, ಹೂವು ಕಡಿಮೆಯಾಗುತ್ತದೆ, ಗಾಳಿಯಾಡದೆ ರೋಗವೂ ಬರಬಹುದು. ಕಾಯಿಯ ಮೇಲೆ ಬಿಳಿ ಕಾಗದದಂಥ ಕಲೆ, ಪಡುವಣ ಬಿಸಿಲಿನ ಕಡೆಗೆ ಮಾತ್ರ ಬಂದಿದ್ದರೆ ಅದು ನಿಜವಾದ ಬಿಸಿಲು ಹೊಡೆತ. ನಿಮಗೆ ಅದು ಆಗಿಲ್ಲ.

ಕೊನೆಗೆ ಮಾವಿನ ಅಡಿಯ ಪಟ್ಟಿ. ನಮ್ಮ ಕಡೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ಏಪ್ರಿಲ್ ಕೊನೆ, ಮೇ ಮೊದಲಿನ ಹೊತ್ತಿಗೆ, ಮತ್ತೆ ಆಗಸ್ಟ್ ಎರಡನೇ ವಾರದ ಹೊತ್ತಿಗೆ. ಆಮೇಲೆ ಅವನು ದಕ್ಷಿಣಕ್ಕೆ ವಾಲುತ್ತಾನೆ, ನೆರಳು ಉತ್ತರಕ್ಕೆ ಬೆಳೆಯುತ್ತದೆ. ನಿಮ್ಮ ಮರಗಳು ದಕ್ಷಿಣದ ಬದುವಿನಲ್ಲಿವೆ, ಹೊಲ ಇರುವುದು ಉತ್ತರಕ್ಕೆ. 30 ಅಡಿಯ ಮರ ಆದರೆ ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನವೂ ಸುಮಾರು 24 ಅಡಿ ಉದ್ದದ ನೆರಳು ಹೊಲದೊಳಗೆ ಬೀಳುತ್ತದೆ. ಅದೇ ಹೊತ್ತಿಗೆ ಮೆಣಸಿಗೆ ಬೆಳಕು ಬೇಕು. ಮರ ಕಡಿಯಿರಿ ಅಂತ ನಾನು ಹೇಳುವವನಲ್ಲ. ಮುಂದಿನ ಸಲ ಮಾವಿನ ಕಾಯಿ ಕೊಯ್ದ ಮೇಲೆ ಕೆಳಗಿನ ಟೊಂಗೆ, ಒಳಗೆ ಒತ್ತಾದ ಟೊಂಗೆ ಸವರಿಸಿ. ಮರಕ್ಕೂ ಗಾಳಿ ಬೆಳಕು ಸಿಗುತ್ತದೆ. ಉಳಿದ ನೆರಳಿನ ಪಟ್ಟಿಯಲ್ಲಿ ಶೇಂಗಾ, ಮೆಣಸು ಬೇಡ. ಅರಿಶಿನ, ಕೆಸು ಹಾಕಬಹುದು, ದನಕ್ಕೆ ಗಿನಿ ಹುಲ್ಲೂ ಅರೆ ನೆರಳಲ್ಲಿ ಬರುತ್ತದೆ. ಆದರೆ ನೀರು ಕೊಡಬೇಕು, ಮಾವಿನ ಬೇರಿನ ಜೊತೆ ಅವುಗಳಿಗೂ ಪೈಪೋಟಿ ಇದ್ದದ್ದೇ.

ಮುಂದಿನ ವರ್ಷ ಶೇಂಗಾ ಗಂಟು ನೋಡುವಾಗ ಗಿಡ ಕೀಳಬೇಡಿ, ಗಂಟು ಮಣ್ಣಿನಲ್ಲೇ ಉದುರಿ ಉಳಿಯುತ್ತವೆ. ಬಿತ್ತಿ 35–45 ದಿನಕ್ಕೆ ಗುದ್ದಲಿಯಿಂದ ಮಣ್ಣು ಸಮೇತ ಎಬ್ಬಿಸಿ, ನೀರಿನಲ್ಲಿ ಅದ್ದಿ ತೊಳೆಯಿರಿ. ಉಗುರಿನಿಂದ ಗಂಟು ಸೀಳಿ. ಒಳಗೆ ಗುಲಾಬಿ, ಕೆಂಪು ಇದ್ದರೆ ಕೆಲಸ ಮಾಡುತ್ತಿದೆ. ಬಿಳಿಚಿದ್ದರೆ, ಹಸಿರಾಗಿದ್ದರೆ ಕೆಲಸ ಮಾಡುತ್ತಿಲ್ಲ. ಎಷ್ಟು ಗಂಟಿವೆ ಅನ್ನುವುದಕ್ಕಿಂತ ಒಳಗಿನ ಬಣ್ಣ ಜಾಸ್ತಿ ಹೇಳುತ್ತದೆ.

ಕಾಗದ ಮುಚ್ಚಿದ ಎಲೆಗಳ ಫೋಟೊ ಹತ್ತು ದಿನ ಬಿಟ್ಟು ಕಳಿಸಿ. ಎಲೆ ಗಿಡದ ಯಾವ ದಿಕ್ಕಿಗಿತ್ತು, ಕೆಳಗಿನಿಂದ ಎಷ್ಟನೆಯದು ಅಂತಲೂ ಬರೆಯಿರಿ.